ಶ್ರುತಿ ಬದಲಿಸಿದ ಪಿಟೀಲು: ಬೀಬರ್‌ನ ಜಪಸರ ಸೊನಾಟಾಗಳು

ಸಹೃದಯರೆ,

ಜರ್ಮನಿಯ ಕಲೋನ್ ನಗರದಲ್ಲಿ ಸಂಗೀತ ಕಲಿಯುತ್ತಿದ್ದ ರೈನ್‌ಹಾರ್ಟ್ ಗೋಬೆಲ್ ಎಂಬ ಪಿಟೀಲುವಾದಕರು 1973ರಲ್ಲಿ ತಮ್ಮ ಸಹಪಾಠಿಗಳನ್ನು ಕೂಡಿಸಿಕೊಂಡು ‘ಮ್ಯೂಸಿಕಾ ಆಂಟಿಕ್ವಾ ಕಲೋನ್’ ಎಂಬ ವಾದ್ಯವೃಂದವನ್ನು ಕಟ್ಟಿದರು. 2007ರವರೆಗೆ ನಡೆದ ಈ ವೃಂದವು ಜರ್ಮನ್ ಸಂಗೀತಕಾರ ಬಾಖ್‌ನ ಹಿಂದಿನ ತಲೆಮಾರುಗಳ ರಚನೆಗಳನ್ನು, ಅಂದರೆ ಹದಿನೇಳನೆಯ ಶತಮಾನದ ಬರೋಕ್ ಸಂಗೀತವನ್ನು, ಆ ಕಾಲದ ವಾದ್ಯಗಳಲ್ಲಿ, ಕುರಿಯ ಕರುಳಿನಿಂದ ಹೊಸೆದ ತಂತಿಗಳ ಮೇಲೆ ನುಡಿಸಿ ಕೇಳಿಸಿತು. ಅವರು 1990ರ ದಶಕದ ಆರಂಭದಲ್ಲಿ ಧ್ವನಿಮುದ್ರಿಸಿದ ಒಂದು ಕೃತಿಗುಚ್ಛವನ್ನು, ಬೀಬರ್‌ನ ಜಪಸರ ಸೊನಾಟಾಗಳನ್ನು (ಸೊನಾಟಾ ಎಂದರೆ ವಾದ್ಯಕ್ಕಾಗಿ ಬರೆದ ಹಲವು ಭಾಗಗಳ ರಚನೆ), ಕುರಿತು ಮಾತ್ರ ನಾನು ಇಂದು ಮಾತನಾಡುತ್ತೇನೆ. ಹಳೆಯ ಸಂಗೀತದ ಅರ್ಧ ಭಾಗ ಕಾಗದದಲ್ಲಿದ್ದರೆ ಉಳಿದರ್ಧ ವಾದ್ಯದ ಮೈಯಲ್ಲೇ ಇರುತ್ತದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಕೃತಿ ನನಗೆ ಬೇರೆ ಸಿಕ್ಕಿಲ್ಲ.

ಹೈನ್ರಿಷ್ ಇಗ್ನಾಟ್ಸ್ ಫ್ರಾಂಟ್ಸ್ ಬೀಬರ್ ಬೊಹೀಮಿಯಾದಲ್ಲಿ 1644ರಲ್ಲಿ ಹುಟ್ಟಿದವನು. ಮೊರೇವಿಯಾದ ಬಿಷಪ್ ಒಬ್ಬನ ಆಸ್ಥಾನದಲ್ಲಿದ್ದ ಅವನನ್ನು 1670ರಲ್ಲಿ ಹೆಸರಾಂತ ಪಿಟೀಲು ತಯಾರಕ ಯಾಕೋಬ್ ಸ್ಟೈನರ್‌ನ ಬಳಿಗೆ ವಾದ್ಯಗಳಿಗಾಗಿ ಕಳುಹಿಸಲಾಯಿತು. ಹೋದವನು ಮರಳಿ ಬರಲಿಲ್ಲ, ಸಾಲ್ಸ್‌ಬರ್ಗ್‌ನ ಆರ್ಚ್‌ಬಿಷಪ್‌ನ ಸೇವೆಗೆ ಸೇರಿಕೊಂಡ. ಈ ಸೊನಾಟಾಗಳನ್ನು ಅರ್ಪಿಸಿರುವುದು ಆ ಹೊಸ ಒಡೆಯನಿಗೇ.

ಕ್ಯಾಥೊಲಿಕರು ಆಗ ಜಪಸರವನ್ನು ಎಣಿಸುತ್ತ ಧ್ಯಾನಿಸುತ್ತಿದ್ದ ಹದಿನೈದು ರಹಸ್ಯಗಳಿಗೆ, ಅಂದರೆ ಯೇಸು ಮತ್ತು ಮರಿಯಳ ಬದುಕಿನ ಘಟನೆಗಳಿಗೆ, ಒಂದೊಂದರಂತೆ ಹದಿನೈದು ಸೊನಾಟಾಗಳು, ಕೊನೆಗೆ ಒಂಟಿ ಪಿಟೀಲಿಗಾಗಿ ಒಂದು ಪಾಸಕಾಲಿಯಾ (ಸಣ್ಣದೊಂದು ಸ್ವರಸಾಲು ಮತ್ತೆ ಮತ್ತೆ ಮರಳಿ ಬರುವ ರಚನೆ), ಇದು ಈ ಗುಚ್ಛದ ಸ್ವರೂಪ. ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯಲ್ಲಿ ಪ್ರತಿಯೊಂದು ಸೊನಾಟಾದ ತಲೆಯಲ್ಲೂ ಆಯಾ ರಹಸ್ಯದ ಪುಟ್ಟ ಚಿತ್ರವನ್ನು ಅಂಟಿಸಲಾಗಿದೆ. ಶೀರ್ಷಿಕೆಯ ಪುಟವೇ ಕಳೆದುಹೋಗಿರುವುದರಿಂದ ಬೀಬರ್ ಇಟ್ಟ ಹೆಸರು ಉಳಿದಿಲ್ಲ. ಕೃತಿ ಅಚ್ಚಾದದ್ದು 1905ರಲ್ಲಿ.

ಮೊದಲನೆಯದನ್ನು ಬಿಟ್ಟು ಉಳಿದ ಹದಿನಾಲ್ಕು ಸೊನಾಟಾಗಳಲ್ಲಿ ಪಿಟೀಲನ್ನು ವಾಡಿಕೆಯ ಜಿ, ಡಿ, ಎ, ಇ ಸ್ವರಗಳಿಗೆ ಶ್ರುತಿ ಮಾಡುವಂತಿಲ್ಲ. ಒಂದೊಂದಕ್ಕೂ ಬೇರೆಯದೇ ಶ್ರುತಿ. ಹಾಗೆಂದು ಬೀಬರ್ ಕೇಳಿಸಬೇಕಾದ ಸ್ವರವನ್ನು ಬರೆಯಲಿಲ್ಲ, ಬೆರಳು ಎಲ್ಲಿ ಕೂರಬೇಕೆಂಬುದನ್ನು ಬರೆದ. ಆ ಪುಟವನ್ನು ಕೀಲಿಮಣೆಯ ಮುಂದಿಟ್ಟು ನುಡಿಸಿದರೆ ಅಸಂಬದ್ಧವಾಗಿ ಕೇಳುತ್ತದೆ. ಪಿಟೀಲುವಾದಕರು ಇಲ್ಲಿ ತಮ್ಮ ಕಿವಿಯ ಅಭ್ಯಾಸವನ್ನು ಬದಿಗಿಟ್ಟು ಕಣ್ಣು ಮತ್ತು ಬೆರಳನ್ನು ನಂಬಬೇಕಾಗುತ್ತದೆ, ಮತ್ತು ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಅದು ಬಹಳ ಕಷ್ಟದ ಕೆಲಸ.

ಪುನರುತ್ಥಾನವನ್ನು ಕುರಿತ ಹನ್ನೊಂದನೆಯ ಸೊನಾಟಾವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ತಂತಿಗಳು ಮಂದ್ರದಿಂದ ಸ, ಪ, ಸ, ಪ ಎಂದು ನಿಲ್ಲುತ್ತವೆ ಎಂಬುದು ನಿಮಗೆ ಗೊತ್ತು. ಬೀಬರ್ ಇಲ್ಲಿ ಕೇಳುವ ನಾಲ್ಕು ಸ್ವರಗಳೂ, ಜಿಯನ್ನು ಷಡ್ಜವೆಂದು ಹಿಡಿದರೆ, ಅವೇ. ಆದರೆ ನಡುವಿನ ಎರಡು ತಂತಿಗಳು ಸ್ಥಾನ ಬದಲಿಸಿಕೊಂಡು ಸ, ಮೇಲಿನ ಸ, ಪ, ಮೇಲಿನ ಪ ಎಂಬ ಕ್ರಮ ಬರುತ್ತದೆ. ಇದಕ್ಕಾಗಿ ವಾದಕರು ಆ ಎರಡು ತಂತಿಗಳನ್ನು ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಹಿಂದೆ ಒಮ್ಮೆ, ಬಿರಡೆಗಳ ಬಳಿ ಇನ್ನೊಮ್ಮೆ ಒಂದರ ಮೇಲೊಂದು ಹಾಯಿಸುತ್ತಾರೆ. ಹತ್ತಿರ ಕುಳಿತವರಿಗೆ ಪಿಟೀಲಿನ ಮೈಮೇಲೆ ಶಿಲುಬೆ ಮೂಡಿರುವುದು ಕಾಣುತ್ತದೆ. ಕಾಗದದಲ್ಲಿ ಡಿಯಿಂದ ಎಗೆ ಏರುವ ಎರಡು ಖಾಲಿ ತಂತಿಗಳ ಸ್ವರ ಕಿವಿಗೆ ಜಿಯಿಂದ ಡಿಗೆ ಇಳಿದಂತೆ ಕೇಳುತ್ತದೆ. ಆದರೆ ಇದು ಕೇವಲ ಸಂಕೇತವಲ್ಲ. ಅಕ್ಕಪಕ್ಕದ ತಂತಿಗಳ ನಡುವೆ ಈಗ ಒಂದು ಸ್ಥಾಯಿಯ ಅಂತರವಿರುವುದರಿಂದ ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿದರೆ ಎರಡು ಸ್ಥಾಯಿಗಳಲ್ಲಿ ಒಂದೇ ಸ್ವರ ಹೊಮ್ಮುತ್ತದೆ. ‘ಕ್ರಿಸ್ತನು ಇಂದು ಎದ್ದನು’ ಎಂಬ ಹಳೆಯ ಈಸ್ಟರ್ ಸ್ತೋತ್ರವನ್ನು ಬೀಬರ್ ಹಾಗೆಯೇ ನುಡಿಸುತ್ತಾನೆ. ಒಬ್ಬರೇ ನುಡಿಸುತ್ತಿದ್ದರೂ ಊರಿನ ಗಂಡಸರು ಮಕ್ಕಳೆಲ್ಲ ಕೂಡಿ ಹಾಡಿದಂತೆ ನನಗೆ ಕೇಳಿಸುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಆರನೆಯ ಸೊನಾಟಾ. ಬಂಧನಕ್ಕೆ ಮುಂಚೆ ಆಲಿವ್ ಬೆಟ್ಟದಲ್ಲಿ ಯೇಸು ಅನುಭವಿಸಿದ ಸಂಕಟ ಅದರ ವಸ್ತು. ದಪ್ಪನೆಯ ಎರಡು ತಂತಿಗಳನ್ನು ಅರ್ಧ ಸ್ವರ ಬಿಗಿದು, ತೆಳುವಾದ ಎರಡನ್ನು ಒಂದು ಸ್ವರ ಸಡಿಲಿಸಿದಾಗ ಪಿಟೀಲಿನ ಸಹಜ ಅನುರಣನವೇ ಕುಗ್ಗಿ, ಧ್ವನಿ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಉಕ್ಕಿನ ತಂತಿಯಲ್ಲಿ ಈ ವ್ಯತ್ಯಾಸ ಇಷ್ಟು ಸೂಕ್ಷ್ಮವಾಗಿ ತಿಳಿಯುವುದಿಲ್ಲವೆಂಬುದು ನನ್ನ ಅನಿಸಿಕೆ. ಕರುಳಿನ ತಂತಿಯಾದರೋ ಬಿಗಿತ ಬದಲಾದೊಡನೆ ಜಾರುತ್ತದೆ, ನೆಲೆಗೊಳ್ಳಲು ಹೊತ್ತು ಬೇಡುತ್ತದೆ. ಆದುದರಿಂದಲೇ ಕಛೇರಿಗಳಲ್ಲಿ ಇವನ್ನು ನುಡಿಸುವ ಅನೇಕರು ಬೇರೆ ಬೇರೆ ಶ್ರುತಿಯ ಹಲವು ಪಿಟೀಲುಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುತ್ತಾರೆ. ಜೊತೆಗಾರರ ಪಾಲೂ ಸಣ್ಣದಲ್ಲ: ಹಸ್ತಪ್ರತಿಯಲ್ಲಿ ಅವರಿಗಿರುವುದು ಒಂದು ಮಂದ್ರದ ಸಾಲು ಮಾತ್ರ. ಅದನ್ನು ಆರ್ಗನ್‌ನಲ್ಲಿ ನುಡಿಸಬೇಕೋ, ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದಲ್ಲೋ, ಥಿಯೊರ್ಬೊ ಎಂಬ ಉದ್ದ ಕತ್ತಿನ ತಂತಿವಾದ್ಯದಲ್ಲೋ, ಮೇಲೆ ಯಾವ ಸ್ವರಗಳನ್ನು ತುಂಬಬೇಕು ಎಂಬುದೆಲ್ಲ ವೃಂದದ ಮನೋಧರ್ಮಕ್ಕೆ ಬಿಟ್ಟದ್ದು.

ಪಾಸಕಾಲಿಯಾದಲ್ಲಿ ಆ ಜೊತೆಗಾರರೂ ಇಲ್ಲ. ಹಸ್ತಪ್ರತಿಯಲ್ಲಿ ಅದರ ತಲೆಯ ಮೇಲೆ ಮಗುವೊಂದರ ಕೈಹಿಡಿದು ನಡೆಸುವ ಕಾವಲು ದೇವದೂತನ ಚಿತ್ರವಿದೆ. ಇಷ್ಟೆಲ್ಲ ಶ್ರುತಿಗಳನ್ನು ಹಾದು ಬಂದ ಪಿಟೀಲು ಇಲ್ಲಿ ತನ್ನ ವಾಡಿಕೆಯ ಶ್ರುತಿಗೆ ಹಿಂದಿರುಗುತ್ತದೆ. ಸ, ಕೈಶಿಕಿ ನಿಷಾದ, ಶುದ್ಧ ಧೈವತ, ಪ ಎಂದು ಇಳಿಯುವ ನಾಲ್ಕೇ ಸ್ವರಗಳು 65 ಬಾರಿ ಮರಳಿ ಬರುತ್ತವೆ, ಮತ್ತು ಉಳಿದದ್ದೆಲ್ಲವೂ ಅವುಗಳ ಮೇಲೆ, ಸುತ್ತ, ಕೆಲವೊಮ್ಮೆ ಕೆಳಗೆ ನಡೆಯುತ್ತದೆ. ಈಗ ಅದನ್ನೇ ಕೇಳೋಣ. ಆ ನಾಲ್ಕು ಸ್ವರಗಳನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿರಿ. ಅವು ಕೇಳಿಸದೆ ಹೋದಂತೆನಿಸಿದ ಕಡೆಯಲ್ಲೂ ಅಲ್ಲೇ ಇರುತ್ತವೆ.