ಎಷ್ಟು ಡಿಗ್ರಿ ಅಂತ ಕೇಳ್ಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಬಚ್ಚಲ ಹಂಡೆಗೆ ಬೆಂಕಿ ಹಾಕ್ತಾ ಕೇಳ್ತಿರುವವರು ಇರ್ಬಹುದು, ಅಂಗಳದಲ್ಲಿ ಅಡಿಕೆ ಹರವಿ ಜಗಲಿಯಲ್ಲಿ ಕೂತವರು ಇರ್ಬಹುದು, ಮಕ್ಕಳು ದೆಹಲಿ, ಗುರುಗ್ರಾಮ ಅಂತ ಕೆಲಸಕ್ಕೆ ಹೋಗಿ ಇಲ್ಲಿ ಅವರ ಫೋನಿಗೆ ಕಾಯ್ತಾ ಇರುವ ಅಪ್ಪ ಅಮ್ಮಂದಿರೂ ಇದ್ದೀರಿ. ದೇಶದ ಮುಂದಿನ ಮೂರು ದಿನದ ಹವೆ ಹೇಳಿ ಅಂತ ನನ್ನನ್ನು ಕರೆದಿದ್ದಾರೆ, ಹೇಳ್ತೇನೆ. ಅದಕ್ಕೆ ಮೊದಲು ಒಂದು ಮಾತು. ಎಷ್ಟು ಡಿಗ್ರಿ ಅಂತ ಕೇಳ್ಬೇಡಿ, ವಾಡಿಕೆಗಿಂತ ಎಷ್ಟು ಕಮ್ಮಿ ಅಂತ ಕೇಳಿ.

ವಾಡಿಕೆ ಅಂದ್ರೆ ಎಂತ? ಆ ಊರಲ್ಲಿ ಆ ದಿನಕ್ಕೆ 30 ವರ್ಷದ ಸರಾಸರಿ. ಮಂಗಳೂರಲ್ಲಿ ಜನವರಿ ಬೆಳಗ್ಗೆ 20-21 ಡಿಗ್ರಿ ಇರ್ತದೆ, ಒಂದು ದಿನ 18 ಆದ ಕೂಡ್ಲೇ ಶೀತಗಾಳಿ ಬಂತು ಅಂತ ವಾಟ್ಸಾಪಲ್ಲಿ ಹಾಕ್ತಾರೆ, ದಯವಿಟ್ಟು ಹಾಗೆ ಹಾಕ್ಬೇಡಿ ಮಾರಾಯ್ರೆ. ಕರಾವಳಿಗೆ ಲೆಕ್ಕ ಬೇರೆ, 15 ಅಥವಾ ಅದಕ್ಕಿಂತ ಕೆಳಗೆ ಬರ್ಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದ್ರೂ ಕಮ್ಮಿ ಇರ್ಬೇಕು. ಬಯಲು ಸೀಮೆಗೆ ಆ 15ರ ಜಾಗದಲ್ಲಿ 10.

ಈಗ ಉತ್ತರದ ಕಥೆ. ಮೆಡಿಟರೇನಿಯನ್ ಕಡೆಯಿಂದ ಮೋಡ, ಮಳೆ, ಹಿಮ ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಬರ್ತದಲ್ಲ, ಅದು ಬಂದಾಗ ಕಾಶ್ಮೀರ, ಹಿಮಾಚಲದಲ್ಲಿ ಹಿಮ ಬೀಳ್ತದೆ, ಕೆಳಗೆ ಬಯಲಲ್ಲಿ ಮೋಡ ಇರುವಷ್ಟು ದಿನ ರಾತ್ರಿ ಚಳಿ ಕಮ್ಮಿಯೇ, ಮೋಡ ಕಂಬಳಿ ಹೊದ್ದ ಹಾಗೆ. ಅದು ದಾಟಿ ಹೋದ ಮೇಲೆ ವಾಯವ್ಯದಿಂದ ಒಣ ಗಾಳಿ ನುಗ್ತದೆ, ಆಗ ನಿಜವಾದ ಚಳಿ. ಈಗ ದಾಟಿ ಹೋಗಿದೆ. ಹಾಗಾಗಿ ಮೂರು ದಿನ ಪಂಜಾಬ್, ಹರಿಯಾಣ, ದೆಹಲಿ, ಉತ್ತರ ಪ್ರದೇಶದಲ್ಲಿ ರಾತ್ರಿ ಚಳಿ, ಬೆಳಿಗ್ಗೆ ದಟ್ಟ ಮಂಜು.

ಮಂಜು ಅಂದಾಗ ನನಗೆ ಅಮ್ಮನದ್ದೇ ನೆನಪು. ನಾಲ್ಕು ವರ್ಷದ ಹಿಂದೆ ಇಂಥದ್ದೇ ಸಮಯ, ದೆಹಲಿಯಲ್ಲಿ ತಮ್ಮನ ಮನೆ ಒಕ್ಕಲು ಅಂತ ಅಮ್ಮನನ್ನು ಉಡುಪಿಯಿಂದ ರೈಲಲ್ಲಿ ಕರ್ಕೊಂಡು ಹೋದೆ. ತಮ್ಮ ಫೋನಲ್ಲಿ ಹೇಳಿದ್ದ, 9 ಡಿಗ್ರಿ ಅಷ್ಟೇ ಅಣ್ಣ, ಮಾಮೂಲಿಗಿಂತ ಬೆಚ್ಚಗೇ ಉಂಟು, ಒಂದು ಸ್ವೆಟರ್ ಸಾಕು. ಮಥುರಾ ದಾಟಿದ್ದೇ ರೈಲು ಆಮೆ ಆಯ್ತು. ಕಿಟಕಿ ಹೊರಗೆ ಬರೀ ಬಿಳಿ, ಪಕ್ಕದ ಹಳಿಯೂ ಕಾಣುದಿಲ್ಲ. ಆಗಾಗ ಅಡಿಯಲ್ಲಿ ಠಪ್ ಅಂತ ಶಬ್ದ. ಅಮ್ಮ ಹೆದರಿದ್ರು. ಅದು ಮಂಜಿನ ಪಟಾಕಿ, ಮುಂದೆ ಸಿಗ್ನಲ್ ಉಂಟು ಅಂತ ಡ್ರೈವರಿಗೆ ಗೊತ್ತಾಗ್ಲಿಕ್ಕೆ ರೈಲ್ವೆ ಕೆಲಸದವರು ಹಳಿ ಮೇಲೆ ಕಟ್ಟಿ ಇಡ್ತಾರೆ, ಆ ಚಳಿಯಲ್ಲಿ ನಡ್ಕೊಂಡು ಹೋಗಿ. ಚಾ ಲೋಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡು, ಚಾ ಆರಿದ ಮೇಲೂ ಬಿಡದೆ ಕೂತಿದ್ದ ಅಮ್ಮ ಕೇಳಿದ್ರು, ಇನ್ನೂ ಬೆಳಗಾಗ್ಲಿಲ್ವಾ ಮಗಾ? ನಾನು ವಾಚು ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ!

ತಮ್ಮ ಹೇಳಿದ್ದು ಸುಳ್ಳಲ್ಲ, ರಾತ್ರಿ 9 ಡಿಗ್ರಿ ವಾಡಿಕೆಗಿಂತ ಹೆಚ್ಚೇ. ಆದ್ರೆ ಮಂಜು ಬಿಸಿಲನ್ನು ನೆಲಕ್ಕೆ ಬಿಡ್ಲಿಲ್ಲ, 20 ಡಿಗ್ರಿ ಆಗ್ಬೇಕಿದ್ದ ಮಧ್ಯಾಹ್ನ 12 ಡಿಗ್ರಿಯಲ್ಲೇ ನಿಂತಿತು. ಎಂಟು ಡಿಗ್ರಿ ಕಮ್ಮಿ! ಇದಕ್ಕೆ ಶೀತ ದಿನ ಅಂತ ಹೆಸರು, ವಯಸ್ಸಾದವರಿಗೆ ಶೀತಗಾಳಿಗಿಂತ ಇದೇ ಕಷ್ಟ, ಯಾಕಂದ್ರೆ ಮೈ ಕಾಯಿಸ್ಲಿಕ್ಕೆ ಹೊತ್ತೇ ಸಿಗುದಿಲ್ಲ. ಅಮ್ಮ ಮನೆ ಒಕ್ಕಲಿಗೆ ಎದ್ದು ಕೂರ್ಲಿಲ್ಲ, ಎದೆಯಲ್ಲಿ ಕಫ ಕಟ್ಟಿ ಒಂದು ವಾರ ಮಲಗಿದ್ರು. ಅದಕ್ಕೇ ಮತ್ತೆ ಹೇಳುದು, ವಾಡಿಕೆಗಿಂತ ಎಷ್ಟು ಕಮ್ಮಿ, ರಾತ್ರಿಯದ್ದೂ ಕೇಳಿ ಮಧ್ಯಾಹ್ನದ್ದೂ ಕೇಳಿ.

ಹೊತ್ತಾಯ್ತು ಅಂತ ಸನ್ನೆ ಮಾಡ್ತಿದ್ದಾರೆ, ಉಳಿದದ್ದು ಬೇಗ ಹೇಳಿ ಬಿಡ್ತೇನೆ. ಬೀದರ್, ಕಲಬುರಗಿ, ವಿಜಯಪುರ ಕಡೆ ಚಳಿ ಜಾಸ್ತಿ, ಅಲ್ಲಿ ಹಾಸ್ಟೆಲಲ್ಲಿ ಮಕ್ಕಳಿದ್ರೆ ಕಂಬಳಿ ಕಳಿಸಿ. ಉತ್ತರದಲ್ಲಿರುವ ಮಕ್ಕಳಿಗೆ ಇವತ್ತೇ ಫೋನ್ ಮಾಡಿ, ಬಾಗಿಲು ಕಿಟಕಿ ಮುಚ್ಚಿ ಒಳಗೆ ಇದ್ದಲು ಉರಿಸಿ ಮಲಗ್ಬೇಡಿ ಅಂತ ಹೇಳಿ, ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗ್ತದೆ. ರೈಲು, ವಿಮಾನ ಹತ್ತುವವರು ಮನೆ ಬಿಡುವ ಮೊದಲು ಟೈಮ್ ಕೇಳ್ಕೊಳ್ಳಿ.

ನಮ್ಮ ಕರಾವಳಿಗೆ ಒಣಹವೆ. ಬೆಳಗ್ಗಿನ ಜಾವ ಘಟ್ಟದ ಕಡೆಯಿಂದ ತಂಗಾಳಿ, ಮಧ್ಯಾಹ್ನ ಸೆಕೆ, ಆಮೇಲೆ ಕಡಲ ಗಾಳಿ. ಯಕ್ಷಗಾನ ಆಟಕ್ಕೆ, ಕಂಬಳಕ್ಕೆ ಹೋಗುವವರು ಒಂದು ಶಾಲು ಹಿಡ್ಕೊಳ್ಳಿ. ಮಳೆ ಇಲ್ಲ, ಅಡಿಕೆ ಅಂಗಳದಲ್ಲೇ ಇರ್ಲಿ. ನಮಸ್ಕಾರ.