ಪೆಪ್ಟೈಡ್ ಅಂಟಿತು ಸರಿ, ಅದರ ಜೋಡಿ ಎಲ್ಲಿ?

ಎಲ್ಲರಿಗೂ ನಮಸ್ಕಾರ.

2024ರ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ಬಂತು. ಪ್ರೋಟೀನಿನ ಆಕಾರ ಊಹಿಸುವುದು, ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನನ್ನು ಹೊಸದಾಗಿ ಕಟ್ಟುವುದು, ಎರಡೂ ಈಗ ನಿಮ್ಮ ಕಂಪ್ಯೂಟರಿಗೆ ಬಂದಿವೆ. ನನಗೆ ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಈ ವೇಗ ಬಂದಿರುವುದರಿಂದಲೇ ಒಂದು ಮಾತನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಕ್ಯಾನ್ಸರ್ ಕೋಶದಲ್ಲಿ ಎರಡು ಪ್ರೋಟೀನುಗಳು ಕೂಡದಂತೆ ತಡೆಯುವ ಪೆಪ್ಟೈಡನ್ನು, ಅಂದರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿಯನ್ನು, ನೀವು ವಿನ್ಯಾಸ ಮಾಡುವ ದಿನವೇ ಅದರ ಜೋಡಿಯನ್ನೂ ವಿನ್ಯಾಸ ಮಾಡಿ. ಹೋಲಿಸಿ ನೋಡಲು, ಕೆಲಸ ಮಾಡಬಾರದ ಜೋಡಿ. ಅಷ್ಟೇ ಉದ್ದ, ಅಷ್ಟೇ ವಿದ್ಯುದಂಶ, ಒಂದೆರಡು ಅಮೈನೊ ಆಮ್ಲ ಮಾತ್ರ ಬೇರೆ.

ಯಾವ ಒಂದೆರಡು ಅಂತ ಕೇಳುತ್ತೀರಿ. ಅದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಹೇಳಬೇಕು.

ಎರಡು ಪ್ರೋಟೀನುಗಳು ಕೂಡುವ ಜಾಗ ದೊಡ್ಡದು, ಚಪ್ಪಟೆ. ಕಿಣ್ವಗಳಲ್ಲಿ ಇರುವಂಥ ಆಳವಾದ ಗುಳಿ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಇಲ್ಲಿ ಔಷಧಿ ಮಾಡುವುದೇ ಆಗದ ಕೆಲಸ ಅಂತ ಬಹಳ ಜನ ನಂಬಿದ್ದರು. 1992ರಲ್ಲಿ ಮನುಷ್ಯನ ಬೆಳವಣಿಗೆ ಹಾರ್ಮೋನು ತನ್ನ ಗ್ರಾಹಕಕ್ಕೆ, ಅಂದರೆ ಕೋಶದ ಮೇಲೆ ಅದನ್ನು ಹಿಡಿಯುವ ಪ್ರೋಟೀನಿಗೆ, ಕೂತಿರುವ ಹರಳಿನ ರಚನೆ ಹೊರಬಂತು. ನೋಡಿದರೆ ಎರಡೂ ಕಡೆ ಸುಮಾರು 30 ಅಮೈನೊ ಆಮ್ಲಗಳು ಒಂದಕ್ಕೊಂದು ತಾಗಿಕೊಂಡಿವೆ. 30 ಸಂಪರ್ಕಗಳನ್ನು ಒಂದು ಪುಟ್ಟ ಅಣು ತಡೆಯುವುದು ಹೇಗೆ? ಆಗ ಟಿಮ್ ಕ್ಲಾಕ್ಸನ್ ಮತ್ತು ಜೇಮ್ಸ್ ವೆಲ್ಸ್ ಬಹಳ ಸರಳವಾದ, ಬಹಳ ತಾಳ್ಮೆ ಬೇಡುವ ಕೆಲಸಕ್ಕೆ ಕೈಹಾಕಿದರು. ಗ್ರಾಹಕದ ಕಡೆ ತಾಗುವ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಅಲನೈನ್ ಎಂಬ ಚಿಕ್ಕ ಅಮೈನೊ ಆಮ್ಲಕ್ಕೆ ಬದಲಾಯಿಸುತ್ತಾ ಹೋದರು. ಒಂದು ಬದಲಾಯಿಸು, ಅಂಟು ಎಷ್ಟು ಉಳಿಯಿತು ಅಂತ ಅಳೆ. ಇನ್ನೊಂದು ಬದಲಾಯಿಸು, ಮತ್ತೆ ಅಳೆ. ಹೆಚ್ಚಿನವು ಹೋದರೂ ಅಂಟಿಗೆ ಏನೂ ಆಗಲಿಲ್ಲ! ಅವು ಸುಮ್ನೆ ಪಕ್ಕದಲ್ಲಿ ಕೂತಿದ್ದವು ಅಷ್ಟೇ. ಕೊನೆಗೆ ತಿಳಿದದ್ದು ಇದು: ಟ್ರಿಪ್ಟೊಫಾನ್ 104 ಮತ್ತು ಟ್ರಿಪ್ಟೊಫಾನ್ 169 (ಸಂಖ್ಯೆ ಅಂದರೆ ಸರಪಳಿಯಲ್ಲಿ ಅದರ ಜಾಗ), ಈ ಎರಡೇ ಅಮೈನೊ ಆಮ್ಲ ಅಂಟಿನ ಶಕ್ತಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೊತ್ತಿದ್ದವು. 1995ರಲ್ಲಿ ಅದು ಪ್ರಕಟವಾಯಿತು. ಅಂಟಿನ ಹೆಚ್ಚಿನ ಶಕ್ತಿ ಹೊತ್ತ ಇಂಥ ಕೆಲವೇ ಜಾಗಗಳನ್ನು ಹಾಟ್ ಸ್ಪಾಟ್ ಅಂತ ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಅದಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿಂದ.

ಗಮನಿಸಿ, ಅವರು ಏನನ್ನೂ ಅಂಟಿಸಿ ತೋರಿಸಲಿಲ್ಲ. ಅಂಟು ಬಿಡುವಂತೆ ಮಾಡಿ ಕಲಿತರು. ಒಂದೊಂದು ಅಲನೈನ್ ಬದಲಾವಣೆಯೂ ಒಂದೊಂದು ಜೋಡಿಯೇ ಆಗಿತ್ತು.

ಈಗ ಪಿ53ಕ್ಕೆ ಬರೋಣ. 1979ರಲ್ಲಿ ಸಿಕ್ಕ ಈ ಪ್ರೋಟೀನಿನ ಹೆಚ್ಚಿನ ಪರಿಚಯ ಈ ಸಭೆಗೆ ಬೇಕಿಲ್ಲ: ಕೆಟ್ಟ ಕೋಶವನ್ನು ತಡೆಯುವ, ಬೇಕಾದರೆ ಕೊಲ್ಲುವ ಕಾವಲು ಅದು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದರ ಜೀನೇ ಕೆಟ್ಟಿರುತ್ತದೆ. ಉಳಿದವುಗಳಲ್ಲಿ ಎಷ್ಟೋ ಕಡೆ ಜೀನು ಚೆನ್ನಾಗಿದೆ, ಆದರೆ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಅತಿಯಾಗಿ ತಯಾರಾಗಿ ಪಿ53ನ್ನು ಹಿಡಿದು, ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ, ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಸೋಮಿಗೆ ಕಳಿಸಿಬಿಡುತ್ತದೆ. ಆ ಹಿಡಿತ ಬಿಡಿಸಿದರೆ ಕೋಶದ ಕಾವಲು ಮತ್ತೆ ಎದ್ದೇಳುತ್ತದೆ.

1996ರಲ್ಲಿ ಈ ಹಿಡಿತದ ರಚನೆ ಸಿಕ್ಕಿತು. ಪಿ53ದ ಒಂದು ಚಿಕ್ಕ ಸುರುಳಿ ಎಂಡಿಎಂ2ರ ಸಂದಿಗೆ ಮೂರು ಬೆರಳು ಇಟ್ಟ ಹಾಗೆ ಕೂತಿದೆ. ಫೀನೈಲ್‌ಅಲನೈನ್ 19, ಟ್ರಿಪ್ಟೊಫಾನ್ 23, ಲ್ಯೂಸಿನ್ 26. ಆಲ್ಫಾ ಸುರುಳಿಯಲ್ಲಿ ಒಂದು ಸುತ್ತಿಗೆ 3.6 ಅಮೈನೊ ಆಮ್ಲ ಬೇಕು. ಅದಕ್ಕೇ ಈ ಮೂರೂ ಒಂದೇ ಪಕ್ಕಕ್ಕೆ ಮುಖ ಮಾಡುತ್ತವೆ. ಮುಂದೆ 2009ರಲ್ಲಿ, ವೈರಸ್ಸುಗಳ ಮೇಲೆ ಬಗೆಬಗೆಯ ಪೆಪ್ಟೈಡ್ ಹೊರಿಸಿ ಅಂಟುವುದನ್ನು ಆರಿಸುವ ಫೇಜ್ ಡಿಸ್‌ಪ್ಲೇಯಿಂದ ಪಿಎಂಐ ಎಂಬ 12 ಅಮೈನೊ ಆಮ್ಲದ ಪೆಪ್ಟೈಡ್ ಸಿಕ್ಕಿತು. ಮೂಲ ಪಿ53 ತುಣುಕಿಗಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ಕೂರುತ್ತದೆ. ಸುತ್ತಲಿನ ಅಕ್ಷರಗಳು, ಅಂದರೆ ಅಮೈನೊ ಆಮ್ಲಗಳು, ಬದಲಾಗಿವೆ, ಆ ಮೂರು ಮಾತ್ರ ಹಾಗೇ ಉಳಿದಿವೆ. ಚಂದ ಅಲ್ವಾ?

ಕಂಪ್ಯೂಟರ್ ಎಲ್ಲಿ ಬರುತ್ತದೆ? 12 ಜಾಗ, ಪ್ರತಿ ಜಾಗಕ್ಕೆ 20 ಅಮೈನೊ ಆಮ್ಲಗಳ ಆಯ್ಕೆ. ಲೆಕ್ಕ ಹಾಕಿದರೆ 4ರ ಮುಂದೆ 15 ಸೊನ್ನೆ. ಅಷ್ಟನ್ನೂ ಯಾರೂ ತಯಾರಿಸಲಾರರು. ಹಾಟ್ ಸ್ಪಾಟ್ ಮೂರನ್ನು ಹಿಡಿದಿಟ್ಟು ಉಳಿದವನ್ನು ಹುಡುಕಿದರೆ ಕೆಲಸ ಹಗುರಾಗುತ್ತದೆ. ರೊಸೆಟ್ಟಾ ಎಂಬ ಪ್ರೋಗ್ರಾಮಿನಲ್ಲಿ ಇದನ್ನು ಮಾಡುತ್ತಿದ್ದೆವು. ಈಗ ಆರ್‌ಎಫ್‌ಡಿಫ್ಯೂಷನ್ ಎಂಬ ಪ್ರೋಗ್ರಾಮು ಪೆಪ್ಟೈಡಿನ ಬೆನ್ನೆಲುಬು ಕಟ್ಟುತ್ತದೆ, ಪ್ರೋಟೀನ್‌ಎಂಪಿಎನ್‌ಎನ್ ಅದಕ್ಕೆ ಹೊಂದುವ ಅಕ್ಷರ ತುಂಬುತ್ತದೆ, ಆಲ್ಫಾಫೋಲ್ಡ್ ಪರೀಕ್ಷೆ ಮಾಡಿ ಅಂಕ ಕೊಡುತ್ತದೆ. ನಿಮ್ಮ ಪರದೆಯ ಮೇಲೆ ಒಳ್ಳೆ ಅಂಕದ ನೂರು ಪೆಪ್ಟೈಡುಗಳು.

ಅಲ್ಲಿ ನಾನು ಕೇಳುವುದು: ಜೋಡಿ ಎಲ್ಲಿ?

ಯಾಕೆ ಇಷ್ಟು ಹಟ ಅಂದರೆ, ಕೋಶ ಸಾಯುವುದು ಬಹಳ ಸುಲಭ. ಒಂದು ಪಕ್ಕ ಎಣ್ಣೆಯ ಗುಣ, ಇನ್ನೊಂದು ಪಕ್ಕ ಧನ ವಿದ್ಯುದಂಶ ಇರುವ ಸುರುಳಿ ಎಂಡಿಎಂ2ನ್ನು ಮುಟ್ಟದೆಯೂ ಕೋಶಪೊರೆಯನ್ನೇ ಹರಿದುಹಾಕಬಹುದು. ಕೋಶದ ಒಳಗೆ ಹೋಗಲಿ ಅಂತ ನಾವು ಸೇರಿಸುವ, ಧನ ವಿದ್ಯುದಂಶ ಇರುವ ಲೈಸಿನ್, ಆರ್ಜಿನಿನ್‌ಗಳೇ ಅದಕ್ಕೆ ದಾರಿ ಮಾಡಿಕೊಡುತ್ತವೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿರುತ್ತದೆ, ಗ್ರಾಫ್ ಚಂದ ಇರುತ್ತದೆ, ಕಾರಣ ಮಾತ್ರ ತಪ್ಪು. ಜೋಡಿಯೂ ಅಷ್ಟೇ ಕೊಂದರೆ ಅದು ಗೊತ್ತಾಗುತ್ತದೆ. ಪಿ53 ಎದ್ದು ಕೋಶವನ್ನು ಕೊಲ್ಲಬೇಕಾದರೆ ಜೀನುಗಳು ಓದಿಸಿಕೊಳ್ಳಬೇಕು, ಪ್ರೋಟೀನು ತಯಾರಾಗಬೇಕು, ಸಮಯ ಹಿಡಿಯುತ್ತದೆ. ಅರ್ಧ ಗಂಟೆಯಲ್ಲೇ ಕೋಶದ ಒಳಗಿರಬೇಕಾದ ಕಿಣ್ವ ಎಲ್‌ಡಿಎಚ್ ಹೊರಗೆ ಸೋರಿದರೆ, ಪೊರೆ ಹರಿದಿದೆ ಅಂತ ಅನುಮಾನಪಡಿ. ಪಿ53 ಇಲ್ಲವೇ ಇಲ್ಲದ ಸಾವೋಸ್-2 ಕೋಶಗಳ ಮೇಲೂ ಹಾಕಿ ನೋಡಿ. ಅವೂ ಅಷ್ಟೇ ಬೇಗ ಸತ್ತರೆ ನಿಮ್ಮ ಪೆಪ್ಟೈಡ್ ಪಿ53ದ ದಾರಿಯಲ್ಲಿ ಕೊಲ್ಲುತ್ತಿಲ್ಲ. ಕಾಯಿಲೆಯವರ ಮನೆಯವರು ಸುದ್ದಿ ಓದಿ ಆಸೆ ಇಟ್ಟುಕೊಳ್ಳುತ್ತಾರೆ. ಅವರ ಆಸೆಗೆ ತಕ್ಕ ಎಚ್ಚರ ನಮ್ಮ ಕೆಲಸದಲ್ಲಿ ಇರಬೇಕು.

ಸಮಯ ಕಡಿಮೆ ಇದೆ ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಸ್ಟೇಪಲ್ ಬಗ್ಗೆ ಬೇಗ ಹೇಳುತ್ತೇನೆ. ಬಿಡಿ ಪೆಪ್ಟೈಡ್ ನೀರಿನಲ್ಲಿ ಸುರುಳಿಯಾಗಿ ನಿಲ್ಲುವುದಿಲ್ಲ, ಪ್ರೋಟಿಯೇಸ್ ಎಂಬ ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಒಂದು ಸುತ್ತು ಅಥವಾ ಎರಡು ಸುತ್ತು ದೂರದ ಎರಡು ಜಾಗಗಳನ್ನು ಹೈಡ್ರೋಕಾರ್ಬನ್ ಸರಪಳಿಯಿಂದ ಬಿಗಿದರೆ ಸುರುಳಿ ನಿಲ್ಲುತ್ತದೆ. ಆ ಬಿಗಿತವೇ ಸ್ಟೇಪಲ್. ಗ್ರೆಗರಿ ವರ್ಡೀನ್ ಅವರ ಗುಂಪು 2000ದಲ್ಲಿ ಇದನ್ನು ತೋರಿಸಿತು. ಎಂಡಿಎಂ2, ಅದರ ಸಂಬಂಧಿ ಎಂಡಿಎಂಎಕ್ಸ್ ಎರಡನ್ನೂ ತಡೆಯುವ ಎಎಲ್‌ಆರ್‌ಎನ್-6924 ಎಂಬ ಸ್ಟೇಪಲ್ ಹಾಕಿದ ಪೆಪ್ಟೈಡ್ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು. ಆದರೆ ಸ್ಟೇಪಲ್‌ಗೆ ಬಳಸುವ ಅಮೈನೊ ಆಮ್ಲಗಳು ಪ್ರಕೃತಿಯವಲ್ಲ. 20 ಅಕ್ಷರಗಳನ್ನೇ ಓದಿ ಕಲಿತ ಮಾಡೆಲ್‌ಗಳು ಅಲ್ಲಿ ತಡವರಿಸುತ್ತವೆ. ಆಗ ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಾಮಿಕ್ಸ್ ಮಾಡಲೇಬೇಕು. ಪೆಪ್ಟೈಡ್ ಕೋಶದೊಳಗಿನ ಚೀಲವಾದ ಎಂಡೋಸೋಮಿನಲ್ಲಿ ಸಿಕ್ಕಿಬೀಳುವುದು, ಮೂತ್ರಪಿಂಡ ಬೇಗ ಸೋಸಿಬಿಡುವುದು, ಇವೆಲ್ಲ ಪ್ರಶ್ನೋತ್ತರದಲ್ಲಿ ನೋಡೋಣ.

ಕೋಶ ಸಾಯದಂತೆ ತಡೆಯುವ ಬಿಸಿಎಲ್-2 ಪ್ರೋಟೀನಿನ ಬಗ್ಗೆಯೂ ಹೇಳಬೇಕಿತ್ತು. 2016ರಲ್ಲಿ ಅನುಮತಿ ಸಿಕ್ಕ, ಅದನ್ನು ತಡೆಯುವ ಔಷಧಿ ವೆನೆಟೊಕ್ಲಾಕ್ಸ್ ಪೆಪ್ಟೈಡ್ ಅಲ್ಲ, ಸಣ್ಣ ಅಣು. ಆದರೆ ಅದು ಕೂರುವುದು ಬಿಸಿಎಲ್-2ರಲ್ಲಿ ಬೇರೆ ಪ್ರೋಟೀನುಗಳ ಬಿಎಚ್3 ಎಂಬ ಸುರುಳಿ ಕೂರುವ ಸಂದಿಯಲ್ಲೇ. ಪ್ರೋಟೀನುಗಳ ಕೂಡಿಕೆ ತಡೆದು ಕ್ಯಾನ್ಸರಿಗೆ ಚಿಕಿತ್ಸೆ ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಯದಾಗಿ ಜೋಡಿ ಮಾಡುವ ಬಗೆ. ಫೀನೈಲ್‌ಅಲನೈನ್ 19ನ್ನು ಅಲನೈನ್ ಮಾಡಿ. ಪ್ರೋಲಿನ್ ಹಾಕಬೇಡಿ. ಪ್ರೋಲಿನ್ ಸುರುಳಿಯನ್ನೇ ಮುರಿಯುತ್ತದೆ, ಆಗ ಕೋಶದೊಳಗೆ ಹೋಗುವ ಗುಣವೂ ಬದಲಾಗಿ ಹೋಲಿಕೆ ಕೆಡುತ್ತದೆ. ಸ್ಟೇಪಲ್ ಅದೇ ಜಾಗದಲ್ಲಿರಲಿ, ವಿದ್ಯುದಂಶ ಮುಟ್ಟಬೇಡಿ. ಸುರುಳಿ ಎರಡರಲ್ಲೂ ಒಂದೇ ಥರ ಇದೆಯಾ ಅಂತ, ಬೆಳಕಿನಿಂದ ಸುರುಳಿಯನ್ನು ಅಳೆಯುವ ಸಿಡಿ ಸ್ಪೆಕ್ಟ್ರಮ್‌ನಲ್ಲಿ ನೋಡಿ, ಕೋಶದೊಳಗೆ ಎರಡೂ ಸಮವಾಗಿ ಹೋಗುತ್ತವೆಯಾ ಅಂತ ಅಳೆಯಿರಿ. ಪೆಪ್ಟೈಡ್ ಆರ್ಡರ್ ಕಳಿಸುವಾಗ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಿರಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.