ಲಂಡನ್ನಿಗೆ ಹೋಗುವಾಗ ಪೆಡಲ್ ಮರೀಬೇಡಿ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಮಾತು ಸೈಕಲ್ ಬಗ್ಗೆ. ಯಾಕೆ ಹೇಳಬೇಕಾಯ್ತು ಅಂದರೆ, ಜೂನ್‌ನಲ್ಲಿ ಆಫೀಸ್ ಕೆಲಸಕ್ಕೆ ಎರಡು ವಾರ ಲಂಡನ್ನಿಗೆ ಹೋಗಿದ್ದೆ. ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿ, "ರೋಡ್ ಬೈಕ್ ಬಾಡಿಗೆಗೆ ತಗೊಂಡಿದೀನಿ" ಅಂದೆ. ಅಮ್ಮ ಕೇಳಿದ್ದು, "ಪೆಟ್ರೋಲ್ ನೀನೇ ಹಾಕಿಸ್ಬೇಕಾ, ಅವರೇ ಹಾಕಿ ಕೊಡ್ತಾರಾ?"

ತಪ್ಪೇನಿಲ್ಲ. ನಮ್ಮಲ್ಲಿ ಬೈಕ್ ಅಂದರೆ ಇಂಜಿನ್ ಇರಲೇಬೇಕು. ನಾನು ಹೇಳುತ್ತಿರುವುದು ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲಿನ, ಎಂಟೊಂಬತ್ತು ಕೆ.ಜಿ. ತೂಗುವ, ಕಡ್ಡಿಯಂಥ ಸೈಕಲ್. ಗುಂಡಿ ಕಂಡರೆ ಅದಕ್ಕೂ ಭಯ, ಹತ್ತಿ ಕೂತವನಿಗೂ ಭಯ.

ಇಂಥದ್ದಕ್ಕೆ ದಿನಕ್ಕೆ 45 ಪೌಂಡ್ ಕೊಟ್ಟೆ. ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ. "ಬುದ್ಧಿ ಇದೆಯಾ ನಿಂಗೆ? ಆ ದುಡ್ಡಲ್ಲಿ ಶೂ ತಗೋಬಹುದಿತ್ತು" ಅಂದರು ನನ್ನ ಟೀಮಿನವರು. ಅವರಿಗೆ ಆವತ್ತು ಸುಮ್ನೆ ನಕ್ಕು ಬಿಟ್ಟೆ. ಉತ್ತರ ಇವತ್ತು ಕೊಡುತ್ತೇನೆ.

ಕೆಲಸದ ಮೇಲೆ ಬೇರೆ ಊರಿಗೆ ಹೋದವರಿಗೆ ಗೊತ್ತು, ನಾವು ಊರು ನೋಡುವುದೇ ಇಲ್ಲ. ಏರ್‌ಪೋರ್ಟ್, ಹೋಟೆಲ್, ಆಫೀಸ್, ಹೋಟೆಲ್. ನಡುವೆ ಒಂದು ಟೀಮ್ ಡಿನ್ನರ್, ಅದರಲ್ಲಿ ಸಸ್ಯಾಹಾರಿಗೆ ಅಂತ ಒಂದು ಅಣಬೆ ತಟ್ಟೆ. ನನ್ನ ಮೊದಲ ಲಂಡನ್ ಪ್ರವಾಸದಲ್ಲಿ ಚೆನ್ನಾಗಿ ನೆನಪಿರುವುದು ಮೀಟಿಂಗ್ ರೂಮಿನ ಕಾರ್ಪೆಟ್. ಈ ಸಲ ಹಾಗಾಗಬಾರದು ಅಂತಿದ್ದೆ.

ಇಲ್ಲಿ ಒಂದು ಲೆಕ್ಕ ಇದೆ, ಯಾರೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಮ್ಮ ಎಂಟೂವರೆ ಅಂದರೆ ಅಲ್ಲಿ ಬೆಳಗಿನ ಜಾವ ನಾಲ್ಕು. ಹೋದ ಮೊದಮೊದಲ ದಿನ ನಿಮಗೆ ಬೇಡವೆಂದರೂ ನಾಲ್ಕಕ್ಕೆ ಎಚ್ಚರ ಆಗುತ್ತದೆ. ಎಲ್ಲರೂ ಇದನ್ನು ಜೆಟ್‌ಲ್ಯಾಗ್ ಅಂತ ಬೈದುಕೊಂಡು ಮಲಗಿ ಹೊರಳಾಡುತ್ತಾರೆ. ಆದರೆ ಜೂನ್‌ನಲ್ಲಿ ಅಲ್ಲಿ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಬಂದಿರುತ್ತಾನೆ! ರಸ್ತೆ ಖಾಲಿ. ನಂದಿ ಬೆಟ್ಟಕ್ಕೆ ಹೋಗಲು ನಾವು ಅಲಾರಂ ಇಟ್ಟು, ಅದನ್ನು ಮೂರು ಸಲ ಬಡಿದು ಮಲಗಿಸಿ ಏಳುತ್ತೇವಲ್ಲ, ಆ ಕಷ್ಟ ಅಲ್ಲಿ ಬೇಡವೇ ಬೇಡ. ಹಾಗಾಗಿ ಸೈಕಲ್ ಬುಕ್ ಮಾಡುವುದಾದರೆ ಮೊದಲ ವೀಕೆಂಡಿಗೇ ಮಾಡಿ. ಎರಡನೇ ವೀಕೆಂಡಿನ ಹೊತ್ತಿಗೆ ಮೈ ಅಲ್ಲಿನ ಗಡಿಯಾರಕ್ಕೆ ಒಗ್ಗಿಹೋಗಿ ಮತ್ತೆ ಸೋಮಾರಿ ಆಗಿರುತ್ತೀರಿ.

"ರಸ್ತೆ ಬದಿ ಸಿಗುವ ಬಾಡಿಗೆ ಸೈಕಲ್ ಸಾಕಲ್ವಾ?" ಒಳ್ಳೆ ಪ್ರಶ್ನೆ. ಲಂಡನ್ನಿನಲ್ಲಿ 2010ರಿಂದ ಆ ವ್ಯವಸ್ಥೆ ಇದೆ. ಸ್ಟ್ಯಾಂಡಿನಿಂದ ಬಿಡಿಸಿಕೊಳ್ಳಿ, ಓಡಿಸಿ, ಇನ್ನೊಂದು ಸ್ಟ್ಯಾಂಡಿಗೆ ಸಿಗಿಸಿ. ಥೇಮ್ಸ್ ದಡದಲ್ಲಿ ಅಡ್ಡಾಡುವುದಕ್ಕೆ ಅದೇ ಸರಿ, ರೋಡ್ ಬೈಕ್ ಬೇಡ. ಆದರೆ ಅದರ ತೂಕ 23 ಕೆ.ಜಿ. ಆಸುಪಾಸು. ವಿಮಾನದಲ್ಲಿ ನಿಮ್ಮ ದೊಡ್ಡ ಸೂಟ್‌ಕೇಸಿಗೆ ಬಿಡುವ ತೂಕ. ಹಪ್ಪಳ ಉಪ್ಪಿನಕಾಯಿ ಸಮೇತ ಆ ಸೂಟ್‌ಕೇಸನ್ನೇ ತುಳಿದುಕೊಂಡು ದಿಬ್ಬ ಹತ್ತಿದ ಹಾಗೆ. ನನಗೆ ಹೋಗಬೇಕಿದ್ದದ್ದು ದಿಬ್ಬಗಳಿರುವ ರಿಚ್ಮಂಡ್ ಪಾರ್ಕಿಗೆ.

ಇನ್ನು ಕೆಲವರು ತಮ್ಮದೇ ಸೈಕಲ್ಲನ್ನು ಬಿಚ್ಚಿ ಡಬ್ಬಕ್ಕೆ ತುಂಬಿ ಒಯ್ಯುತ್ತಾರೆ. ರಜೆಗೆ ಹೋಗುವವರು ಒಯ್ಯಲಿ. ಲ್ಯಾಪ್‌ಟಾಪ್, ಫಾರ್ಮಲ್ ಬಟ್ಟೆ, ಯಾರದೋ ಮನೆಗೆ ಕೊಡಬೇಕಾದ ಚಟ್ನಿಪುಡಿ ಇಷ್ಟೆಲ್ಲ ಇದ್ದು, ಜೊತೆಗೆ ಆ ಡಬ್ಬವನ್ನು ಮೆಟ್ರೋ ಮೆಟ್ಟಿಲಲ್ಲಿ ಎಳೆಯುವುದು ನನ್ನಿಂದಾಗದ ಕೆಲಸ.

ಬಾಡಿಗೆ ಸೈಕಲ್ ಅಂದರೆ ನಮಗೇನು ಹೊಸದಾ ಹೇಳಿ. ಊರಲ್ಲಿ ಗಂಟೆಗೆ ಒಂದು ರೂಪಾಯಿ ಕೊಟ್ಟು, ಅಂಗಡಿಯವನ ನೋಟ್‌ಬುಕ್ಕಿನಲ್ಲಿ ಹೆಸರು, ಟೈಮ್ ಬರೆಸಿ, ಸೀಟಿನಿಂದ ಕಾಲು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದವರು ನಾವು. ಅಲ್ಲಿ ಸೈಜು ಗೀಜು ಕೇಳಿದವರಿಲ್ಲ. ಇದ್ದದ್ದು ಒಂದೇ ಸೈಜು, ಅದು ಅಂಗಡಿಯವನ ಸೈಜು.

ನಲವತ್ತು ದಾಟಿದ ಬೆನ್ನಿಗೆ ಆ ಆಟ ನಡೆಯುವುದಿಲ್ಲ. ನಾನು ಬುಕ್ ಮಾಡಿದ್ದು 54ರ ಸೈಜು, ಅಂದರೆ ಸೆಂಟಿಮೀಟರಿನಲ್ಲಿ ಫ್ರೇಮಿನ ಅಳತೆ. ಶುಕ್ರವಾರ ಸಂಜೆ ಹೋದರೆ ಕೈಗೆ ಕೊಟ್ಟಿದ್ದು 56. ಅಂಗಡಿ ಹೆಸರು ಬೇಡ ಬಿಡಿ. "ಸೀಟ್ ಇಳಿಸಿದರೆ ಆಯ್ತು" ಅಂದ ಕೌಂಟರ್ ಹುಡುಗ. ಅವನು ಕೆಟ್ಟವನಲ್ಲ, ಪಾಪ. ಆದರೆ ಮಾತು ತಪ್ಪು. ಸೀಟ್ ಇಳಿಸಿದರೆ ಎತ್ತರ ಸರಿಹೋಗುತ್ತದೆ, ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಮೊದಲ ಹತ್ತು ಕಿಲೋಮೀಟರ್ ಗೊತ್ತೇ ಆಗಲ್ಲ. ಮೂವತ್ತು ದಾಟಿದ ಮೇಲೆ ಅಂಗೈ ಜೋಮು ಹಿಡಿಯುತ್ತದೆ, ಆಮೇಲೆ ಕುತ್ತಿಗೆ. ಸೋಮವಾರ ಮೀಟಿಂಗಲ್ಲಿ ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಬೇಕು.

ನಾನು ಬ್ಯಾಗಿನಿಂದ ಟೇಪು ತೆಗೆದೆ. ಟೈಲರ್ ಟೇಪು, ಅಮ್ಮನ ಹೊಲಿಗೆ ಡಬ್ಬಿಯದ್ದು, ಹಳದಿ ಬಣ್ಣ, ಮೊದಲ ಎರಡು ಇಂಚಿನ ಅಂಕಿ ಸವೆದುಹೋಗಿದೆ. ಪೆಡಲ್ ದಂಡ ತಿರುಗುತ್ತದಲ್ಲ, ಆ ನಡುಮಧ್ಯದಿಂದ ಸೀಟಿನ ನೆತ್ತಿಗೆ 71.5 ಸೆಂಟಿಮೀಟರ್. ಇದು ನನ್ನ ಮನೆ ಸೈಕಲ್ಲಿನ ಅಳತೆ, ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ. ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಇನ್ನೊಂದು ಅಳತೆ. ಅಲ್ಲಿ ಎರಡು ಸೆಂಟಿಮೀಟರ್ ಜಾಸ್ತಿ ಬಂತು. ಟೇಪು ಹಿಡಿದು ನಿಂತಿದ್ದು ನೋಡಿ ಒಳಗಿನಿಂದ ಹಿರಿಯ ಮೆಕ್ಯಾನಿಕ್ ಎದ್ದು ಬಂದ. ಮಾತಿಲ್ಲ. ಡ್ರಾಯರ್ ಎಳೆದ, ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ತುಂಡು ಇರುತ್ತದಲ್ಲ, ಸ್ಟೆಮ್ಮು, 90 ಮಿಲಿಮೀಟರಿನದು ಹುಡುಕಿ ತೆಗೆದ. ಇದ್ದ 110ರದ್ದನ್ನು ಬಿಚ್ಚಿ ಇದನ್ನು ಹಾಕಿದ. ಹತ್ತು ನಿಮಿಷದ ಕೆಲಸ. ಮತ್ತೆ ಅಳೆದೆವು. ಸರಿ ಬಂತು.

ಅಂಗಡಿಯ ವೆಬ್‌ಸೈಟಿನಲ್ಲಿ ಫ್ರೇಮು ಕಾರ್ಬನ್, ಗೇರು ಇಂಥ ಕಂಪನಿ ಅಂತ ಮೂರು ಪುಟ ಬರೆದಿರುತ್ತಾರೆ. ಅದನ್ನು ಓದಿ ಮರುಳಾಗಬೇಡಿ. ಅಳತೆ ಸರಿ ಇರುವ ಅಲ್ಯುಮಿನಿಯಂ ಸೈಕಲ್, ಅಳತೆ ತಪ್ಪಿದ ಕಾರ್ಬನ್ನಿಗಿಂತ ಎಷ್ಟೋ ಮೇಲು. ನೀವು ದುಡ್ಡು ಕೊಡುವುದು ಕೂರುವುದಕ್ಕೆ.

ಪೆಡಲ್ ವಿಷಯ ಹೇಳಲೇಬೇಕು. ಹೆಚ್ಚಿನ ಕಡೆ ಮಾಮೂಲಿ ಚಪ್ಪಟೆ ಪೆಡಲ್ ಹಾಕಿಕೊಡುತ್ತಾರೆ. ಶೂ ಸಿಗಿಸುವ ಪೆಡಲ್ ಅಭ್ಯಾಸ ಇದ್ದರೆ ನಿಮ್ಮದನ್ನು ಬಿಚ್ಚಿ ಶೂ ಜೊತೆ ಒಯ್ಯಿರಿ. ತೂಕ ಕಾಲು ಕೆ.ಜಿ., ಸ್ವಲ್ಪ ಆಚೀಚೆ. ಒಂದು ನೆನಪಿಡಿ, ಎಡಗಡೆ ಪೆಡಲ್ಲಿನ ತಿರುಪು ಉಲ್ಟಾ. ಬಲಗಡೆ ಬಿಚ್ಚಿದ ಹಾಗೆ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ. ನಾನು ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ, ಅರ್ಧ ಗಂಟೆ, ಬಾಲ್ಕನಿಯಲ್ಲಿ, ಬಿಗಿ ಮಾಡುತ್ತಲೇ ಇದ್ದೆ. ಹನ್ನೆರಡು ವರ್ಷದಿಂದ ಸೈಕಲ್ ಓಡಿಸುತ್ತಿರುವ ಮನುಷ್ಯ! ಮತ್ತೆ, ಸ್ಪ್ಯಾನರ್ ಹ್ಯಾಂಡ್ ಬ್ಯಾಗಿನಲ್ಲಿ ಹಾಕಬೇಡಿ. ಸೆಕ್ಯುರಿಟಿಯವರ ಹತ್ತಿರ ಪೆಡಲ್ ಶಾಸ್ತ್ರ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಸರಿ, ಶನಿವಾರ. ಐದು ಗಂಟೆಗೆ ವಾಕ್ಸ್‌ಹಾಲ್ ಹತ್ತಿರದ ಹೋಟೆಲಿನಿಂದ ಹೊರಟೆ. ಪಾರ್ಕಿಗೆ ಹತ್ತು ಕಿಲೋಮೀಟರ್ ಆಗುತ್ತದೆ. ನಮ್ಮ ಹಾಗೇ ಎಡಗಡೆ ಓಡಾಟ, ಹಾಗಾಗಿ ತಲೆ ಕೆಡುವುದಿಲ್ಲ. ಬ್ರೇಕೂ ನಮ್ಮ ಹಾಗೇ, ಬಲಗೈಯದು ಮುಂದಿನ ಚಕ್ರಕ್ಕೆ. ಅಮೆರಿಕಕ್ಕೆ ಹೋದರೆ ಎರಡೂ ಅದಲುಬದಲು, ಅಲ್ಲಿ ಮೊದಲು ಗಲ್ಲಿಯಲ್ಲಿ ನಾಲ್ಕು ಸುತ್ತು ಹಾಕಿ ಕೈಗೆ ಪಾಠ ಹೇಳಿಕೊಡಬೇಕು.

ರಿಚ್ಮಂಡ್ ಪಾರ್ಕ್ ಅಂದರೆ ಬೆಂಚು, ಜಾರುಬಂಡಿ ಇರುವ ಪಾರ್ಕಲ್ಲ. ನಮ್ಮ ಲಾಲ್‌ಬಾಗ್ 240 ಎಕರೆ. ಇದು 2,500 ಎಕರೆ. ಒಂದನೇ ಚಾರ್ಲ್ಸ್ ದೊರೆ ಬೇಟೆಗೆ ಅಂತ 1637ರಲ್ಲಿ ಗೋಡೆ ಕಟ್ಟಿಸಿದ ಜಾಗ. ಆ ಜಿಂಕೆಗಳ ಸಂತತಿ ಇವತ್ತಿಗೂ ಇದೆ, 600ಕ್ಕೂ ಹೆಚ್ಚು. ಸುತ್ತಲೂ ಟಾರು ರಸ್ತೆ, ಒಂದು ಸುತ್ತಿಗೆ 10.8 ಕಿಲೋಮೀಟರ್. ಕಾರುಗಳಿಗೆ ಬೇಸಿಗೆಯಲ್ಲಿ ಗೇಟು ತೆರೆಯುವುದು ಬೆಳಿಗ್ಗೆ 7ಕ್ಕೆ. ಅಲ್ಲಿಯವರೆಗೆ ರಸ್ತೆ ನಮ್ಮಪ್ಪನದು.

ಎರಡನೇ ಸುತ್ತಿನಲ್ಲಿ ಇಳಿಜಾರಿನಲ್ಲಿ ಒಂದು ಕೆಂಪು ಜಿಂಕೆ ರಸ್ತೆ ನಡುವೆ ನಿಂತಿತ್ತು. ನಾನು ಬ್ರೇಕ್ ಹಿಡಿದೆ. ಅದು ನೋಡಿತು. ಮೆಲುಕು ಹಾಕುತ್ತಾ ನಿಂತೇ ಇತ್ತು, ಥೇಟ್ ನಮ್ಮ ಬಸ್‌ಸ್ಟ್ಯಾಂಡಿನ ಹಸು. ಬೆಲ್ ಹೊಡೆಯಲಾ ಬೇಡವಾ ಅಂತ ಯೋಚಿಸುತ್ತಿದ್ದೆ. ಹಿಂದಿನಿಂದ ಬಂದ ಅಜ್ಜ, ಎಪ್ಪತ್ತಾದರೂ ಇರಬೇಕು, ಒಂದು ಕಾಲು ನೆಲಕ್ಕೂರಿ ನನ್ನ ಪಕ್ಕ ನಿಂತರು. ಇಬ್ಬರೂ ಕಾದೆವು. ಅದಕ್ಕೆ ಮನಸ್ಸು ಬಂದಾಗ ಹೋಯಿತು. ಅಜ್ಜ ನನ್ನನ್ನು ಹಿಂದೆ ಹಾಕಿ ದಿಬ್ಬ ಹತ್ತಿದರು, ಮತ್ತೆ ಸಿಗಲೇ ಇಲ್ಲ.

ವಾಪಸ್ ಬರುವಾಗ ವಾಕ್ಸ್‌ಹಾಲ್ ದಾಟಿ ಸ್ವಲ್ಪ ಮುಂದೆ ಹೋದೆ. ಆಲ್ಬರ್ಟ್ ಎಂಬಾಂಕ್‌ಮೆಂಟಿನಲ್ಲಿ ಬಸವಣ್ಣ ಇದ್ದಾರೆ. ಕಲಬುರಗಿ ಕಡೆಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಭಾಗಕ್ಕೆ ಮೇಯರ್ ಆಗಿದ್ದವರು, ಅವರು ಓಡಾಡಿ ಮಾಡಿಸಿದ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಪಕ್ಕದಲ್ಲೇ ಥೇಮ್ಸ್, ಆಚೆ ದಡದಲ್ಲಿ ಪಾರ್ಲಿಮೆಂಟ್. ನಾನು ಬೆವರಿನ ಜೆರ್ಸಿಯಲ್ಲಿ, ಟಕ್ ಟಕ್ ಅನ್ನುವ ಶೂನಲ್ಲಿ ಹೋಗಿ ನಿಂತೆ. ಹಿಂದಿನ ಸಲ ಹನ್ನೆರಡು ದಿನ ಇದೇ ಊರಲ್ಲಿದ್ದೆ, ಒಂದು ದಿನವೂ ಇತ್ತ ಬಂದಿರಲಿಲ್ಲ.

ಎಲ್ಲ ಸಿಹಿಯೇ ಅಂತಲ್ಲ. ಅಲ್ಲಿ ಸೈಕಲ್ ಕಳ್ಳತನ ವಿಪರೀತ. ಬೀಗ ಹಾಕಿದ್ದೀನಲ್ಲ ಅಂತ ಕಾಫಿಗೆ ಒಳಗೆ ಹೋಗಬೇಡಿ, ಕಾಫಿಯೇ ಹೊರಗೆ ಬರಲಿ. ನಮ್ಮ ಹೋಟೆಲಿನವರು ರೂಮಿಗೆ ಒಯ್ಯಲು ಬಿಡಲಿಲ್ಲ, ಲಗೇಜ್ ರೂಮಿನಲ್ಲಿ ಇಡಿಸಿಕೊಳ್ಳಲು ಇಪ್ಪತ್ತು ನಿಮಿಷ ಮಾತಾಡಬೇಕಾಯ್ತು. ಇದನ್ನು ರೂಮ್ ಬುಕ್ ಮಾಡುವಾಗಲೇ ಕೇಳಿಬಿಡಿ. ಇನ್ನು ರಸ್ತೆಯಲ್ಲಿ, ನಮ್ಮೂರಿನ ಚಾಳಿ ಒಂದನ್ನು ಬಿಡಬೇಕು. ಸಿಗ್ನಲ್ಲಿನಲ್ಲಿ ಲಾರಿಯ ಎಡಪಕ್ಕದ ಸಂದಿಯಲ್ಲಿ ನುಗ್ಗುವುದು. ಲಾರಿ ಎಡಕ್ಕೆ ತಿರುಗಿದರೆ ಡ್ರೈವರಿಗೆ ನೀವು ಕಾಣುವುದೇ ಇಲ್ಲ. ಆ ಊರಿನಲ್ಲಿ ಎಷ್ಟೋ ಸೈಕಲ್ಲಿನವರು ಹೀಗೇ ಸತ್ತಿದ್ದಾರೆ. ಹಿಂದೆ ನಿಲ್ಲಿ. ಉಳಿದಂತೆ ಅಲ್ಲಿನ ಡ್ರೈವರುಗಳು ಕಾಯುತ್ತಾರೆ. ಸೈಕಲ್ಲನ್ನು ಹಿಂದೆ ಹಾಕುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಿ ಅಂತ 2022ರಲ್ಲಿ ಅವರ ರಸ್ತೆ ನಿಯಮದ ಪುಸ್ತಕಕ್ಕೇ ಸೇರಿಸಿದ್ದಾರೆ. ನನ್ನ ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯದೆ ಎಷ್ಟೋ ದೂರ ಬಂತು. ನಿಜ ಹೇಳಬೇಕೆಂದರೆ ಹಾರ್ನ್ ಹೊಡೆದಿದ್ದರೇ ನನಗೆ ನೆಮ್ಮದಿ ಇರುತ್ತಿತ್ತು.

ಭಾನುವಾರ ಸಂಜೆ ವಾಪಸ್ ಕೊಟ್ಟೆ. ಮೆಕ್ಯಾನಿಕ್ ಚಕ್ರ ತಿರುಗಿಸಿ ನೋಡಿದ, ನನ್ನ ಪೆಡಲ್ ಬಿಚ್ಚಿ ಹಳೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟ. ಎಡಗಡೆಯದನ್ನು ಬಿಚ್ಚುವಾಗ ಅವನ ಕೈ ಯಾವ ಕಡೆ ತಿರುಗುತ್ತದೆ ಅಂತ ನಾನು ಗಮನವಿಟ್ಟು ನೋಡಿದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಎರಡು ದಿನದಲ್ಲಿ ಸೈಕಲ್ ಅಂತ ಅವರಿಗೆ ಗೊತ್ತಾಗಿತ್ತು, ಆದರೂ ಬಿಡಬೇಕಲ್ಲ.

"ಎಷ್ಟು ಮೈಲೇಜ್ ಕೊಡ್ತಪ್ಪ ನಿನ್ ಬೈಕು?"

"ಎರಡು ಬಾಳೆಹಣ್ಣಿಗೆ ಅರವತ್ತು ಕಿಲೋಮೀಟರ್ ಅಮ್ಮ."